ಕೇಳದೆ ಕಟ್ಟಿದ ಚಟ್ಟ

“ಕಾಕಾ, ಈ ಗಂಟು ಹೇಗುಂಟು ನೋಡಿ,” ಎಂದು ಶ್ರೀಜಾ ಬಿದಿರಿನ ಮೇಲೆ ಮೊಣಕಾಲೂರಿ ಹಗ್ಗವನ್ನು ಇನ್ನೊಂದು ಸುತ್ತು ಬಿಗಿದಳು.

ಮನ್ಮಥಪ್ಪ ನೋಡಿದ. ಗಂಟಿನಲ್ಲಿ ಕೊರತೆಯೇನೂ ಇರಲಿಲ್ಲ. ಎರಡು ಉದ್ದನೆಯ ಬಿದಿರು, ಅಡ್ಡಕ್ಕೆ ಒಂಬತ್ತು ಪಟ್ಟಿ, ಸಂಧಿ ಸಂಧಿಗೂ ಒಂದೇ ಅಳತೆಯ ಕಚ್ಚು. ಹೊರುವವರ ಹೆಗಲಿಗೆ ಸಿಬಿರು ಚುಚ್ಚದಿರಲೆಂದು ನಾಲ್ಕೂ ತುದಿಗೆ ಮರಳುಕಾಗದ ತಿಕ್ಕಿ, ಮೇಲೆ ಬಿಳಿ ಅರಿವೆ ಸುತ್ತಿದ್ದರು. ತಲೆ ಇಡುವ ಕಡೆ ಬಿದಿರಿನ ಸೀಳಿನಿಂದ ಹೆಣೆದ ಸಣ್ಣ ಇಳಿಜಾರು ಬೇರೆ! ಇಂಥ ಚಟ್ಟ ಸಿಗುವುದಾದರೆ ಯಾರಾದರೂ ಎರಡು ದಿನ ಮೊದಲೇ ಸತ್ತಾರು ಎಂದುಕೊಂಡ.

ತಪ್ಪು ಒಂದೇ ಇತ್ತು. ಅವರ ಸರ್, ಅಂದರೆ ಮನ್ಮಥಪ್ಪನ ತಮ್ಮ ಗುರುಬಸವ, ಮಲಗಿಕೊಂಡು ಹೋಗುವವನಲ್ಲ. ಲಿಂಗಾಯತರಲ್ಲಿ ಸತ್ತವರನ್ನು ಕೂರಿಸುತ್ತಾರೆ; ಕೂತಂತೆಯೇ ವಿಮಾನವೆಂಬ ಕಮಾನಿನ ಪೀಠದಲ್ಲಿ ಹೊರುತ್ತಾರೆ, ಕೂತಂತೆಯೇ ಮಣ್ಣಿಗಿಡುತ್ತಾರೆ. ಬೆಳಗಿನ ಐದಕ್ಕೆ ಹಲ್ಲುಜ್ಜುತ್ತ ನಿಂತಲ್ಲೇ ಕುಸಿದ ಗುರುಬಸವನನ್ನು ಮೈ ಸೆಟೆಯುವ ಮೊದಲೇ ಸಮಾಜದ ಹಿರಿಯರು ಮನೆಯ ಗೋಡೆಗೆ ಆನಿಸಿ ಕೂರಿಸಿಯಾಗಿತ್ತು. ಈ ಹುಡುಗರು ಅದನ್ನು ನೋಡಿರಲಿಲ್ಲ. ಸುದ್ದಿ ಬಂದ ತಕ್ಷಣ ಅವನ ಹೆಂಡತಿ ಅನುರಾಧಾಗೆ ಫೋನ್ ಮಾಡಿ, “ಸರ್‌ಗೆ ಬಾಡಿಗೆಯದು ಬೇಡ, ನಾವೇ ಕೈಯಿಂದ ಕಟ್ತೇವೆ” ಎಂದು, ಸರ್ ಕಲಿಸುತ್ತಿದ್ದ ವಿಶ್ವವಿದ್ಯಾಲಯದ ಕಾರ್ಯಾಗಾರಕ್ಕೆ ಓಡಿದ್ದರು. ಶ್ರೀಜಾಳ ಅಪ್ಪ ಉಡುಪಿ ಕಡೆಯವನು, ಇಲ್ಲೇ ಹೋಟೆಲಿಟ್ಟಿದ್ದ. ಉಳಿದವರು ಮರಾಠಿ ಹುಡುಗರು. ಅವರೆಲ್ಲರ ಮನೆಯಲ್ಲಿ ಸತ್ತವರು ಮಲಗಿಕೊಂಡೇ ಹೋಗುತ್ತಾರೆ.

ನಾಸಿಕದ ಬಸ್ಸಿಳಿದ ಮನ್ಮಥಪ್ಪನನ್ನು ಬೈಕಿನಲ್ಲಿ ಕರೆತಂದ ವಿದ್ಯಾರ್ಥಿ ಸಮೀರ, ಹಗ್ಗ ಕೊಟ್ಟು ಹೋಗೋಣವೆಂದು ಅವನನ್ನು ಮೊದಲು ಇಲ್ಲಿಗೆ ಕರೆತಂದಿದ್ದ. ಹೀಗಾಗಿ ಹನ್ನೊಂದೂವರೆಯ ಹೊತ್ತಿಗೆ ಇಡೀ ಸಂಭಾಜಿನಗರದಲ್ಲಿ ಈ ತಪ್ಪು ಗೊತ್ತಿದ್ದವನು ಮನ್ಮಥಪ್ಪನೊಬ್ಬನೇ.

“ಹೇಗುಂಟು ಕಾಕಾ?” ಎಂದು ಅವಳು ಮತ್ತೆ ಕೇಳಿದಳು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು.

ಹನ್ನೆರಡು ಮಂದಿ ಹುಡುಗ ಹುಡುಗಿಯರು ಕೆಲಸ ನಿಲ್ಲಿಸಿ ಅವನ ಕಡೆ ತಿರುಗಿದರು. ಎಲ್ಲರ ಕಣ್ಣೂ ಹಾಗೇ ಊದಿಕೊಂಡಿದ್ದವು. ಹೆತ್ತ ಗಂಡುಮಕ್ಕಳಿಬ್ಬರು ಅವನಿಗೂ ಇದ್ದರು; ದೊಡ್ಡವನು ನಾಸಿಕದ ಶಾಲಿಮಾರ್ ಪೇಟೆಯಲ್ಲಿ ಮೊಬೈಲ್ ಕವರು ಮಾರುತ್ತಿದ್ದ, ಚಿಕ್ಕವನು ಅಪ್ಪನ ಕುಂಚವನ್ನು ಚಪ್ಪಲಿಗೆ ಬಣ್ಣ ಬಳಿಯಲು ಒಯ್ದಿದ್ದ. ಮಕ್ಕಳೇ ಇಲ್ಲದ ತಮ್ಮನಿಗೆ ಇಷ್ಟು ಮಂದಿ.

“ಛಲೋ ಅದ,” ಎಂದ ಮನ್ಮಥಪ್ಪ. “ಮಾಡ್ರಿ, ಮಾಡ್ರಿ.”

*

ಬಾಗಿಲಾಚೆಯ ಮೊಗಸಾಲೆಯಲ್ಲಿ ತಮ್ಮ ಬರೆದ ಆ ಹಲಗೆ ಇನ್ನೂ ನೇತಾಡುತ್ತಿತ್ತು. ಹೋಗುವಾಗ ಅವನು ಬೇಡಬೇಡವೆಂದರೂ ಕಣ್ಣು ಅತ್ತಲೇ ಹೋಯಿತು.

ಮೂವತ್ತು ವರ್ಷದ ಹಿಂದಿನ ಮಾತು. ಭಾಲ್ಕಿಯಿಂದ ಬಂದ ಅಣ್ಣತಮ್ಮಂದಿರು ಅಂಗಡಿ ಬೋರ್ಡು ಬರೆದು ಹೊಟ್ಟೆ ಹೊರೆಯುತ್ತಿದ್ದರು. ವಿಶ್ವವಿದ್ಯಾಲಯದವರು ಕಲೆ ಮತ್ತು ವಿನ್ಯಾಸದ ಹೊಸ ವಿಭಾಗ ತೆರೆದು, ಅಕ್ಷರ ಬರೆಯುವ ಕಲೆ ಕಲಿಸಲು ಒಬ್ಬರು ಬೇಕೆಂದು ಕರೆದಾಗ ಇಬ್ಬರೂ ಹೋದರು. ಇಬ್ಬರಿಗೂ ಒಂದೊಂದು ಹಲಗೆ ಕೊಟ್ಟು, ವಿಭಾಗದ ಧ್ಯೇಯ, ಮೌಲ್ಯಗಳು, ಇಲ್ಲಿಂದ ಪದವಿ ಪಡೆದು ಹೋಗುವವರಿಗೆ ಇರಬೇಕಾದ ಕೌಶಲ್ಯಗಳು ಎಂದು ಮೂರು ಭಾಗದ ಮರಾಠಿ ಬರಹವೊಂದನ್ನು ಕೈಗಿತ್ತು, ಸಂಜೆಯೊಳಗೆ ಬರೆಯಿರಿ ಅಂದರು. ಕೈ, ಕಣ್ಣು, ಮನಸ್ಸನ್ನು ಜನರ ಉಪಯೋಗಕ್ಕೆ ಪಳಗಿಸುವುದು ಧ್ಯೇಯವಂತೆ. ಕೌಶಲ್ಯಗಳ ಪಟ್ಟಿ ಉದ್ದವಿತ್ತು. ನೋಡಿ ಬರೆಯುವುದು, ಅಳೆದು ಮಾಡುವುದು, ತಪ್ಪನ್ನು ಒಪ್ಪಿ ತಿದ್ದುವುದು ಇತ್ಯಾದಿ. ಎಲ್ಲಕ್ಕೂ ಕೊನೆಯದು, ಯಾರಿಗಾಗಿ ಮಾಡುತ್ತೇವೋ ಅವರನ್ನು ವಿನಯದಿಂದ ಕೇಳುವುದು.

ಗುರುಬಸವ ಮೊದಲ ಸಾಲು ಎಳೆದ ಕೂಡಲೇ ಮನ್ಮಥಪ್ಪನಿಗೆ ಗೊತ್ತಾಗಿಹೋಯಿತು. ಅಕ್ಷರ ದೊಡ್ಡದಾಯಿತು, ಕೊನೆಗೆ ಜಾಗ ಸಾಲದು. ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು, ಅವನು ಅನ್ನಲಿಲ್ಲ. ಒಂದೇ ನೌಕರಿ, ಇಬ್ಬರು ಗಂಡಸರು, ಯಾಕೆ ಹೇಳಬೇಕು? ಸಂಜೆ ಮನ್ಮಥಪ್ಪನ ಹಲಗೆ ಅಚ್ಚು ಹಾಕಿದಂತಿತ್ತು. ಗುರುಬಸವನ ಕೊನೆಯ ಸಾಲು ಮೂಲೆಯಲ್ಲಿ ಇಷ್ಟೇ ಇಷ್ಟಾಗಿ ಮುದುಡಿತ್ತು.

“ಮಕ್ಕಳಿಗೆ ಹೇಗೆ ಕಲಿಸುತ್ತೀರಿ?” ಎಂದು ವಿಭಾಗದ ಮುಖ್ಯಸ್ಥರು ಕೇಳಿದರು.

“ಕೈ ಇದ್ದವ್ರಿಗಿ ಬರ್ತದ. ಇಲ್ಲದವ್ರಿಗಿ ಬ್ರಹ್ಮ ಬಂದ್ರೂ ಬರಂಗಿಲ್ಲ,” ಎಂದು ಮನ್ಮಥಪ್ಪ ಮರಾಠಿಯಲ್ಲಿ ಒಪ್ಪಿಸಿದ. ಅದು ಸುಳ್ಳೇನಲ್ಲ ಎಂದು ಅವನಿಗೆ ಇವತ್ತಿಗೂ ಅನಿಸುತ್ತದೆ.

ಗುರುಬಸವ ಕಿವಿ ಕೆರೆದುಕೊಂಡು ನಕ್ಕ. “ನಂದು ಕೆಟ್ಟದ್ರಿ ಸರ್. ಎಲ್ಲಿ ಕೆಟ್ಟದ ಅಂತ ಗೊತ್ತಾಗ್ಯದ. ಇನ್ನೊಂದು ಹಲಗಿ ಕೊಡ್ರಿ, ನಾಳಿಗಿ ತರ್ತೀನಿ,” ಅಂದ. ನೌಕರಿ ಅವನಿಗಾಯಿತು. ಓದು ಒಕ್ಕಾಲು ಬುದ್ಧಿ ಮುಕ್ಕಾಲು ಅನ್ನುತ್ತಾರಲ್ಲ, ಇಲ್ಲಿ ಕೈ ಸೊನ್ನೆ, ಬಾಯಿ ಪೂರಾ ಎಂದು ಮನ್ಮಥಪ್ಪ ಆ ವಾರವೇ ನಾಸಿಕಕ್ಕೆ ಹೊರಟುಬಿಟ್ಟ. ಅಲ್ಲಿ ದ್ರಾಕ್ಷಿ ಟೆಂಪೋಗಳ ಬೆನ್ನಿಗೆ, ಸಟಾಣಾದ ಉಳ್ಳಾಗಡ್ಡಿ ದಲಾಲರ ಅಂಗಡಿಗಳಿಗೆ ಬರೆದ. ಫ್ಲೆಕ್ಸ್ ಬಂದ ಮೇಲೆ ಅದೂ ಹೋಯಿತು. ಅವನ ಆ ಹಲಗೆ ಈಗ ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರಿನ ಹಿಂದೆ ಎಣ್ಣೆ ಸಿಡಿಯದಂತೆ ಅಡ್ಡ ನಿಂತಿದೆ. ಕೆಟ್ಟ ಹಲಗೆ ವಿಶ್ವವಿದ್ಯಾಲಯದಲ್ಲಿ, ಒಳ್ಳೆಯದು ಒಗ್ಗರಣೆಗೆ! ದೇವರ ನ್ಯಾಯ ನೋಡಿ.

*

ಎರಡು ಗಂಟೆಗೆ ಟೆಂಪೋ ಸಿಡ್ಕೋ ಬಡಾವಣೆಯ ಗುರುಬಸವನ ಮನೆಯ ಮುಂದೆ ನಿಂತಿತು. ಹುಡುಗರು ಚಟ್ಟವನ್ನು ನಾಜೂಕಾಗಿ ಇಳಿಸಿದರು. ಭಜನೆ ಮಾಡುತ್ತಿದ್ದವರ ತಾಳ ಒಂದೊಂದಾಗಿ ನಿಂತಿತು.

ಪಡಸಾಲೆಯಲ್ಲಿ ಗುರುಬಸವ ಹಣೆತುಂಬ ವಿಭೂತಿ ಹಚ್ಚಿಕೊಂಡು, ಕಾಲು ಮಡಿಚಿ ಕೂತಿದ್ದ. ಬೀಳದಂತೆ ಎದೆಗೆ ಶಲ್ಯ ಕಟ್ಟಿ ಕಿಟಕಿಯ ಸರಳಿಗೆ ಬಿಗಿದಿದ್ದರು. ಶ್ರೀಜಾ ಬಾಗಿಲಲ್ಲಿ ನಿಂತು ಕೂತ ಹೆಣವನ್ನು ನೋಡಿದಳು, ಅಂಗಳದಲ್ಲಿದ್ದ ಚಟ್ಟವನ್ನು ನೋಡಿದಳು. ಬಾಯಿಗೆ ಕೈ ಹೋಯಿತು.

“ಇದೇನ್ರಿ ಇದು?” ಅನುರಾಧಾ ಎದ್ದು ಬಂದಳು. “ಇದರ ಮ್ಯಾಲ ಅವರು ಹ್ಯಾಂಗ ಕೂಡ್ತಾರ? ನೀವು ಗೊತ್ತಿದ್ದು ಮಾಡ್ಲತ್ತೀರಿ ಅಂತ ತಿಳಕೊಂಡಿದ್ದೆ ನಾ.”

ಸಮಾಜದ ಕಾರ್ಯದರ್ಶಿ ರವಿಕಾಂತ ಫೋನು ಹಚ್ಚಿದ. ಸಮಾಜದ ವಿಮಾನ ಜಾಲನಾಕ್ಕೆ ಹೋಗಿತ್ತು, ಬರುವುದು ಕತ್ತಲಾದ ಮೇಲೆ. ಸಂಸ್ಕಾರ ಮಾಡಿಸುವ ಅಯ್ಯನವರು ಹೊತ್ತು ಮುಳುಗುವುದರೊಳಗೆ ಮಣ್ಣಾಗಲೇಬೇಕು ಅಂದರು. ರವಿಕಾಂತನ ಸಿಟ್ಟೆಲ್ಲ ಹುಡುಗರ ಮೇಲೆ ತಿರುಗಿತು. “ಎಂಥಾ ಕಲಿತವರಪ್ಪಾ ನೀವು? ಗೋಡಿ ತುಂಬಾ ಧ್ಯೇಯ, ಮೌಲ್ಯ ಅಂತ ಬರಕೊಂಡೀರಿ. ಒಂದು ಮಾತು ಕೇಳ್ಲಾಕ ಬಾಯಿ ಇರಲಿಲ್ಲೇನು? ಏನು ಕಲಿಸ್ಯಾನ ನಿಮಗ ಗುರುಬಸವ?”

ಆಹಾ. ಮನ್ಮಥಪ್ಪ ಬೇವಿನಮರಕ್ಕೆ ಒರಗಿ ಈ ಮಾತನ್ನು ಪೇಡೆ ತಿಂದಂತೆ ತಿಂದ. ಮೂವತ್ತು ವರ್ಷ ಇದೊಂದು ಮಾತಿಗಾಗಿ ಕಾದಿದ್ದ, ಅದೂ ತಮ್ಮನ ಎದುರಿಗೇ, ನಾಲ್ಕು ಜನರ ನಡುವೆ.

“ತಪ್ಪು ನಮ್ಮದು,” ಎಂದಳು ಶ್ರೀಜಾ. “ಸರ್ ಕಲಿಸಿದ್ದರು. ನಾವೇ ಕೇಳಲಿಲ್ಲ. ಹೇಗಿರಬೇಕು ಯಾರಾದರೂ ಹೇಳಿ, ಈಗಲೇ ಬಿಚ್ಚಿ ಮತ್ತೆ ಕಟ್ತೇವೆ.” ಅವಳು ಮನ್ಮಥಪ್ಪನನ್ನು ನೇರವಾಗಿ ನೋಡಿದಳು. ಬೆಳಿಗ್ಗೆ ಕಾಕಾನನ್ನು ಕೇಳಿದ್ದೆವು ಎಂದು ಹೇಳಲು ಅವಳಿಗೆ ಅಷ್ಟು ಹೊತ್ತು ಸಾಕಾಗಿತ್ತು, ಹೇಳಲಿಲ್ಲ.

ಪೇಡೆ ಗಂಟಲಲ್ಲಿ ನಿಂತಿತು.

“ಭಾವಾರ,” ಎಂದು ಅನುರಾಧಾ ಅವನ ಕಡೆ ಕೈ ಜೋಡಿಸಿದಳು. “ನಿಮ್ಮ ಅಪ್ಪಾರ ವಿಮಾನ ನೀವೇ ಕಟ್ಟಿದ್ರಂತಲ್ಲ. ನಿಮ್ಮ ತಮ್ಮನ್ನ ಹಿಂಗ ಕೂಡಿಸಿ ಇಡ್ಬ್ಯಾಡ್ರಿ.”

ಹೊರಗೆ ಬಿಸಿಲು ಆಗಲೇ ಎದುರು ಮನೆಯ ಗೇಟು ದಾಟಿತ್ತು. ಮನ್ಮಥಪ್ಪ ಅಂಗಿಯ ತೋಳು ಮಡಿಚಿದ.

“ಕೊಯ್ಯಿ ಇಲ್ಲಿ,” ಎಂದು ಬಿದಿರಿನ ಮೇಲೆ ಬೆರಳಿಟ್ಟ. ಸಮೀರ ಒಂದು ಗಳಿಗೆ ತಡೆದ. ತಾನೇ ಕೂರಿಸಿದ ಸಂಧಿ ಅದು. ಆಮೇಲೆ ತುಟಿ ಕಚ್ಚಿಕೊಂಡು ಗರಗಸ ಎಳೆದ.

ಅಳತೆ ತೆಗೆಯಲು ಮನ್ಮಥಪ್ಪನೇ ಒಳಗೆ ಹೋಗಬೇಕಾಯಿತು. ದಾರ ಹಿಡಿದು ತಮ್ಮನ ನೆತ್ತಿಯಿಂದ ನೆಲದವರೆಗೆ, ಈ ಮೊಣಕಾಲಿನಿಂದ ಆ ಮೊಣಕಾಲಿಗೆ ಎಳೆದ. ಉಗುರಿನ ಸಂದಿಯಲ್ಲಿ ನೀಲಿ ಬಣ್ಣವಿತ್ತು. ಸಾಯುವ ಹಿಂದಿನ ದಿನವೂ ಕೆಲಸವಿತ್ತು ನೋಡಿ ಇವನಿಗೆ! ಮನ್ಮಥಪ್ಪನ ಉಗುರು ಸ್ವಚ್ಛವಾಗಿ ಎರಡು ವರ್ಷವಾಗಿತ್ತು.

ಅಂಗಳದಲ್ಲಿ ಅವನು ನೆಲದ ಮೇಲೆ ಕೂತ. ಹುಡುಗರು ಸುತ್ತ ಕೂತರು. ನಾಲ್ಕು ಕಂಬ ನಿಲ್ಲಿಸಿದ, ಬೆನ್ನಿಗೆ ಆಸರೆ ಕಟ್ಟಿದ, ಬಿದಿರು ಸೀಳಿ ಮೇಲೆ ಕಮಾನು ಬಗ್ಗಿಸಿದ. ಅವನ ಬೆರಳು ಹೋದಲ್ಲೆಲ್ಲ ಹನ್ನೆರಡು ಜೊತೆ ಕಣ್ಣು ಹೋದವು. ಯಾಕೆ ಹೀಗೆ, ಹಾಗೆ ಮಾಡಿದರೆ ಏನಾಗುತ್ತದೆ, ಈ ಭಾರ ಎಲ್ಲಿಗೆ ಇಳಿಯುತ್ತದೆ ಎಂದು ಕೇಳುತ್ತಲೇ ಇದ್ದರು. ಅವನಿಗೆ ಸುಖವಾಯಿತು, ಸುಖವಾದದ್ದಕ್ಕೆ ಮತ್ತಷ್ಟು ಉರಿಯಿತು. ಇದು ತಮ್ಮನಿಗೆ ದಿನಾ ಸಿಗುತ್ತಿತ್ತು. ಭಾನುವಾರ ಬಿಟ್ಟು ದಿನಾ.

“ಸರ್ ನಿಮ್ಮ ವಿಷಯ ಪ್ರತಿ ವರ್ಷ ಹೇಳ್ತಿದ್ದರು ಕಾಕಾ,” ಎಂದಳು ಶ್ರೀಜಾ, ಚೆಂಡುಹೂವಿನ ಸರ ಕಟ್ಟುತ್ತ.

“ಏನಂತ?”

“ಹೊಸ ಬ್ಯಾಚು ಬಂದ ಮೊದಲನೇ ದಿನ ಆ ಬೋರ್ಡಿನ ಕೆಳಗೆ ನಿಲ್ಲಿಸ್ತಿದ್ದರು. ಇದು ನನ್ನ ತಪ್ಪು, ಸರಿಯಾಗಿ ನೋಡಿ ಅಂತ.” ಸರ್ ತನಗೆ ಮಾತ್ರ ಕನ್ನಡದಲ್ಲಿ ಹೇಳಿದ್ದನ್ನು ಅವಳು ಸರ್‌ನ ಧಾಟಿಯಲ್ಲೇ ಹೇಳಿದಳು. “‘ಬಾಜೂಕ ನಮ್ಮಣ್ಣ ಕುಂತಿದ್ದ. ಅಂಥಾ ಕೈ ನಾ ಎಲ್ಲೂ ನೋಡಿಲ್ಲ. ನಾ ತಪ್ಪಿದ್ದು ಅವನಿಗಿ ಮೊದಲನೇ ಸಾಲಿನಾಗೇ ಗೊತ್ತಾಗ್ಯದ. ನಾ ಒಂದು ಮಾತು ಕೇಳಿದ್ರ ಹೇಳ್ತಿದ್ದ. ಅವನಕಿಂತ ಮುಂದ ಹೋಗಬೇಕಂತ ಕೇಳಲಿಲ್ಲ. ತಪ್ಪು ನಂದೇ’ ಅಂತ.”

ಮನ್ಮಥಪ್ಪನ ಕೈಯಲ್ಲಿ ಬಿದಿರಿನ ಸೀಳು ಹಾಗೇ ನಿಂತಿತು. ಹಾಗಾದರೆ ತಮ್ಮನಿಗೆ ಗೊತ್ತಿತ್ತು. ಪ್ರತಿ ದೀಪಾವಳಿಗೆ ಬಂದು ಕಾಲುಮುಟ್ಟಿ ನಮಸ್ಕಾರ ಮಾಡುವಾಗಲೂ ಗೊತ್ತಿತ್ತು. ಕಳ್ಳ, ನೌಕರಿಯೂ ಅವನಿಗೆ, ಮಕ್ಕಳೂ ಅವನಿಗೆ. ಕೊನೆಗೆ ಇದ್ದೊಂದು ತಪ್ಪನ್ನೂ ತನ್ನದೇ ಎಂದು ಬಾಚಿಕೊಂಡು ಅಣ್ಣನಿಗೆ ಏನನ್ನೂ ಬಿಡಲಿಲ್ಲ.

“ಬೆಳಿಗ್ಗೆ ನೀವೂ ನೋಡಿದ್ದಿರಿ, ಅಲ್ಲ ಕಾಕಾ?” ಅವಳು ತಲೆ ಎತ್ತದೆ ಮೆಲ್ಲಗೆ ಕೇಳಿದಳು.

“ಹಗ್ಗ ಕೊಡವ್ವಾ,” ಎಂದ ಮನ್ಮಥಪ್ಪ.

*

ಹೊತ್ತು ಮುಳುಗಲು ಇನ್ನೂ ಮಾರುದ್ದ ಇರುವಾಗಲೇ ವಿಮಾನ ರುದ್ರಭೂಮಿ ಮುಟ್ಟಿತು. ದಾರಿಯುದ್ದ ಒಂದು ಗಂಟೂ ಜಾರಲಿಲ್ಲ. ಗುಂಡಿಯ ಒಂದು ಬದಿಗೆ, ಕೂರಿಸಲು ಗೂಡು ಕೊರೆದಿದ್ದರು.

ರವಿಕಾಂತ ಮತ್ತು ಮನ್ಮಥಪ್ಪ ಇಳಿದರು. ಮೇಲಿನಿಂದ ಹುಡುಗರು ಸರ್‌ನನ್ನು ಕೈ ಬದಲಾಯಿಸುತ್ತ ಇಳಿಸಿಕೊಟ್ಟರು. ಗೂಡಿನೊಳಗೆ ಕೂರಿಸಿದ ಮೇಲೆ ರವಿಕಾಂತ ಬಿಲ್ವಪತ್ರೆ, ಉಪ್ಪು ತರಲು ಮೇಲೆ ಹತ್ತಿದ. ಅಣ್ಣತಮ್ಮಂದಿರಿಬ್ಬರೇ ಉಳಿದರು.

ಗುರುಬಸವ ಒಂದು ಕಡೆಗೆ ವಾಲುತ್ತಿದ್ದ. ಮನ್ಮಥಪ್ಪ ಭುಜ ಹಿಡಿದು ಸರಿಮಾಡಿದ. ಸರಿಯಾಯಿತೋ ಇಲ್ಲವೋ ತಿಳಿಯಲಿಲ್ಲ. ಬೋರ್ಡು ಬರೆಯುವವನು ಸಾಲು ನೆಟ್ಟಗಿದೆಯೇ ನೋಡಲು ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಾನೆ. ಇಲ್ಲಿ ಸರಿಯಲು ಜಾಗವಿರಲಿಲ್ಲ. ಹಿಂದೆ ಮಣ್ಣು, ಮುಂದೆ ತಮ್ಮನ ಮುಖ.

“ಆಯ್ತೇನ್ರಿ?” ಎಂದು ಅಯ್ಯನವರು ಮೇಲಿನಿಂದ ಅವಸರಿಸಿದರು.

ಆಯಿತು ಎಂದುಬಿಡಬಹುದಿತ್ತು. ಮಣ್ಣು ಬಿದ್ದ ಮೇಲೆ ಯಾರು ನೋಡುತ್ತಾರೆ? ಮನ್ಮಥಪ್ಪ ಕತ್ತೆತ್ತಿದ. ಗುಂಡಿಯ ಅಂಚಿನ ಸುತ್ತ ಅವೇ ಮುಖಗಳು ಬಗ್ಗಿದ್ದವು, ಎಲ್ಲರೂ ತಮ್ಮನನ್ನೇ ನೋಡುತ್ತಿದ್ದರು.

“ಸೀದಾ ಕುಂತಾನೇನು ನೋಡ್ರಿ,” ಎಂದ ಕೊನೆಗೆ. “ನನಗ ತಿಳೀವಲ್ದು.”

ಶ್ರೀಜಾ ಅಂಚಿನ ಹಸಿ ಮಣ್ಣಿನ ಮೇಲೆ ಬೋರಲಾಗಿ ಮಲಗಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮುಂದೆ ಚಾಚಿ ಅಳೆದಳು.

“ಸ್ವಲ್ಪ ಎಡಕ್ಕೆ, ಕಾಕಾ.”

ಅವನು ತಮ್ಮನನ್ನು ತಬ್ಬಿ ಸರಿಸಿದ. ಹಣೆಯ ವಿಭೂತಿ ಅವನ ಕೆನ್ನೆಗೆ ಮೆತ್ತಿತು.

“ಸಾಕೇನು?”

“ಇನ್ನೂ ಸ್ವಲ್ಪ.”

ಮನ್ಮಥಪ್ಪ ಮತ್ತೆ ತಬ್ಬಿದ.