ಮೂತಿ ಭಾರದ ವಿಮಾನ

ಮೂರನೇ ಮಹಡಿಯ ಆ ಮನೆಯ ಸೊಸೆಗೆ ಗಂಡನಿಂದ ದಿನಾ ಸಂಜೆ ಫೋನು ಬರುತ್ತಿತ್ತು. ಲಾರಿ ಓಡಿಸುವವನು, ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಬೇರೆ ಗಂಡಂದಿರು ಊಟ ಆಯಿತಾ ಎಂದು ಕೇಳುತ್ತಾರೆ. ಈ ಮಹಾನುಭಾವನ ಮೊದಲ ಮಾತು, "ಬೀಗ ಹಾಕಿದ್ದೀಯಾ?"

"ಹಾಕಿದ್ದೀನಿ ರೀ" ಎನ್ನುವುದು ಅವಳ ಮೊದಲ ಮಾತು. ಉಳಿದ ಸಂಸಾರವೆಲ್ಲ ಆಮೇಲೆ.

ಬೀಗಕ್ಕೂ ಒಂದು ಕಾರಣವಿತ್ತು, ಇಲ್ಲವೆನ್ನಲಾಗದು. ಅತ್ತೆಗೆ ಮರೆವು. ಹೋದ ವರ್ಷ ಒಂದು ಮಧ್ಯಾಹ್ನ ಸೊಸೆ ಬಟ್ಟೆ ಒಣಹಾಕಲು ತಾರಸಿಗೆ ಹೋಗಿದ್ದಾಗ ಮುದುಕಿ ಮೆಟ್ಟಿಲಿಳಿದು ನಡೆದೇಬಿಟ್ಟಿದ್ದಳು. ಸಿಕ್ಕಿದ್ದು ಸಂಜೆಗೆ, ಬಸ್ ಡಿಪೋ ಹತ್ತಿರ, ಕಾಲಲ್ಲಿ ಚಪ್ಪಲಿಯಿಲ್ಲದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬಂತೆ ಮಗರಾಯ ಮಾರನೆಯ ದಿನವೇ ಬಾಗಿಲಿಗೆ ಕಬ್ಬಿಣದ ಗ್ರಿಲ್ ಹಾಕಿಸಿದ, ಅಂಗೈಯಗಲದ ಬೀಗ ತಂದ. ಅದಕ್ಕೆ ಎರಡು ಕೀ. ಒಂದು ಅವನ ಲಾರಿ ಕೀ ಗೊಂಚಲಿನಲ್ಲಿ, ಇನ್ನೊಂದು ಒಳಗಿನ ಗೋಡೆಯ ಮೊಳೆಯಲ್ಲಿ. ಅತ್ತೆಯನ್ನು ಒಬ್ಬಳನ್ನೇ ಬಿಟ್ಟು ಸೊಸೆ ಎಲ್ಲೂ ಹೋಗಕೂಡದು ಎಂದಾಯಿತು. ಸೊಸೆಯನ್ನು ಯಾರೂ ಕೇಳಲಿಲ್ಲ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ? ತಪ್ಪಿಸಿಕೊಂಡವಳು ಒಬ್ಬಳು, ಒಳಗಾದವರು ಇಬ್ಬರು.

ಹಾಲು, ತರಕಾರಿ, ಗುಳಿಗೆ ಎಲ್ಲ ಗ್ರಿಲ್ಲಿನ ಸಂದಿಯಿಂದಲೇ ಒಳಗೆ ಬರುತ್ತಿದ್ದವು. ಹೊರಗೆ ಹೋಗುತ್ತಿದ್ದದ್ದು ಸೊಸೆ ಹೆಣೆದ ಬೊಂಬೆಗಳು ಮಾತ್ರ. ಕೈಯಲ್ಲಿ ಕ್ರೋಶಾ ಕಡ್ಡಿ ಒಂದು ಇಲ್ಲದಿದ್ದರೆ ಅವಳ ತಲೆ ಎಂದೋ ಕೆಟ್ಟುಹೋಗುತ್ತಿತ್ತು. ಕರಡಿ, ಆನೆ, ಕಿವಿಯುದ್ದದ ಮೊಲ. ಬೊಂಬೆ ಅಂಗಡಿಯ ಆಳು ವಾರಕ್ಕೊಮ್ಮೆ ಬಂದು ಚೀಲದಲ್ಲಿ ತುಂಬಿಕೊಂಡು ಹೋಗುತ್ತಿದ್ದ. ಬೊಂಬೆಗಳಿಗಿದ್ದ ಪುಣ್ಯ ಹೆಣೆದವಳಿಗಿರಲಿಲ್ಲ.

ಹೀಗಿರುವಾಗ ಅಂಗಡಿಯಾಕೆಯೇ ಫೋನು ಮಾಡಿದಳು. "ನೋಡಮ್ಮಾ, ಅಂಗಡಿ ಹಿಂದಿನ ಕೋಣೆಯಲ್ಲಿ ಹೆಂಗಸರನ್ನ ಕೂರಿಸಿ ಹೆಣೆಸಬೇಕು ಅಂತಿದ್ದೀನಿ. ಕಲಿಸೋಕೆ ಒಬ್ಬಳು ಬೇಕು. ದಿನಾ ಬರಬೇಕು. ಒಂದು ವಿಮಾನ ಹೆಣೆದು ಶುಕ್ರವಾರ ಐದು ಗಂಟೆ ಒಳಗೆ ನೀನೇ ತಗೊಂಡು ಬಾ. ಇನ್ನೊಬ್ಬಳೂ ಕೇಳಿದ್ದಾಳೆ, ಬರದಿದ್ದರೆ ಅವಳಿಗೇ."

ದಿನಾ ಬರಬೇಕು! ಆ ಎರಡು ಮಾತು ಸೊಸೆಗೆ ಬೆಲ್ಲದಂತೆ ಬಾಯಲ್ಲೇ ಉಳಿಯಿತು. ದಿನಾ ಚಪ್ಪಲಿ ಹಾಕಿಕೊಳ್ಳಬೇಕು, ದಿನಾ ಬಸ್ಸಿಗೆ ಕಾಯಬೇಕು, ಬಸ್ಸು ತಡವಾಯಿತೆಂದು ದಿನಾ ಬೈದುಕೊಳ್ಳಬೇಕು. ಗಂಡನಿಗೆ ಹೇಳಿದರೆ "ನೋಡೋಣ" ಎಂದ. ಅವನ ನೋಡೋಣ ಎಂದರೆ ಆ ಮಾತು ಅಲ್ಲಿಗೆ ಮುಗಿಯಿತೆಂದೇ. ಆದರೆ ನಾದಿನಿ ಗಟ್ಟಿಗಿತ್ತಿ. "ಹಗಲು ಹೊತ್ತು ನಾನು ಬಂದು ಕೂತ್ಕೋತೀನಿ ಅತ್ತಿಗೆ. ನನ್ನಮ್ಮ ತಾನೇ? ಶುಕ್ರವಾರ ಮೂರಕ್ಕೆ ಬಂದೆ ಅಂದ್ಕೊ" ಎಂದು ಮಾತು ಕೊಟ್ಟಳು.

ವಿಮಾನವನ್ನು ಮೂತಿಯಿಂದ ಶುರುಮಾಡಬೇಕು. ಮೊದಲು ದಾರದ ಒಂದು ಪುಟ್ಟ ಉಂಗುರ, ಅದರ ಸುತ್ತ ಸುತ್ತು, ಕುಣಿಕೆ ಹೆಚ್ಚಿಸುತ್ತ ಹೋದರೆ ಹೊಟ್ಟೆ, ಕಡಿಮೆ ಮಾಡುತ್ತ ಬಂದರೆ ಬಾಲ. ಬಾಲದ ಬಾಯಿ ಮುಚ್ಚುವ ಮೊದಲೇ ಹತ್ತಿ ತುಂಬಿಬಿಡಬೇಕು. ಮುಚ್ಚಿದ ಮೇಲೆ ಒಳಗಿದ್ದದ್ದು ಒಳಗೇ. ಹತ್ತಿ ಹಿಂಜಿ ತುಂಬುವುದು ಅತ್ತೆಯ ಕೆಲಸ. ಮುದುಕಿಗೆ ಬೆಳಿಗ್ಗೆ ಏನು ತಿಂದೆನೆಂದು ನೆನಪಿರುತ್ತಿರಲಿಲ್ಲ, ಆದರೆ ಬೆರಳು ಮಾತ್ರ ಏನನ್ನೂ ಮರೆತಿರಲಿಲ್ಲ. ಮರದ ಸೌಟಿನ ಹಿಡಿಯಿಂದ ಹತ್ತಿಯನ್ನು ಮೂಲೆ ಮೂಲೆಗೂ ನೂಕಿ ಕೂರಿಸುತ್ತಿದ್ದಳು.

"ಇದೇನೇ ಇದು? ಮೀನೋ?"

"ವಿಮಾನ ಅತ್ತೆ. ಇದನ್ನ ತಗೊಂಡು ನಾನು ಹೊರಗೆ ಹೋಗ್ತೀನಿ."

"ಇದರಲ್ಲೇ ಹೋಗ್ತೀಯಾ?"

"ಹೂಂ, ಇದರಲ್ಲೇ" ಎಂದು ನಕ್ಕು ಸೊಸೆ ಒಲೆಯ ಕಡೆ ಹೋದಳು. ಅದು ಶುಕ್ರವಾರ ಬೆಳಿಗ್ಗೆ. ಬಂದು ಬಾಲ ಮುಚ್ಚಿದಳು, ರೆಕ್ಕೆ ಹೊಲಿದಳು, ನೀಲಿ ದಾರದಲ್ಲಿ ಕಿಟಕಿ ಕೂರಿಸಿದಳು. ಕೊನೆಗೆ ಬೆನ್ನಿಗೆ ದಾರ ಕಟ್ಟಿ ತೂಗುಹಾಕಿ ನೋಡಿದಳು. ಸಮನಾಗಿ ತೂಗಬೇಕಾದ ವಿಮಾನ ಮೂತಿ ಕೆಳಗೆ ಮಾಡಿಕೊಂಡು ಮುನಿಸಿಕೊಂಡ ಮಗುವಿನಂತೆ ನೇತಾಡಿತು. ಅತ್ತೆ ಮುಂದುಗಡೆ ಹತ್ತಿ ಜಾಸ್ತಿ ಗಿಡಿದಿದ್ದಾಳೆ ಎಂದುಕೊಂಡಳು. ಬಿಚ್ಚಿ ಸರಿಮಾಡಲು ಹೊತ್ತೆಲ್ಲಿದೆ? ದಾರವನ್ನೇ ಒಂದಿಷ್ಟು ಮುಂದಕ್ಕೆ ಕಟ್ಟಿದಳು.

ಮೂರು ಗಂಟೆಗೆ ಸರಿಯಾಗಿ ನಾದಿನಿ ಬಂದು ಗ್ರಿಲ್ಲಿನಾಚೆ ನಿಂತಳು. ಸೊಸೆ ಮೊಳೆಗೆ ಕೈ ಹಾಕಿದಳು. ಮೊಳೆ ಬರಿದಾಗಿತ್ತು.

ಬೆಳಿಗ್ಗೆ ಕಸದ ಬುಟ್ಟಿ ಹೊರಗಿಟ್ಟು ಬೀಗ ಹಾಕಿ ಕೀ ಅಲ್ಲೇ ನೇತುಹಾಕಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಹಾಸಿಗೆ ಕೊಡವಿದಳು. ಅಕ್ಕಿ ಡಬ್ಬಿ ಸುರಿದಳು. ಅತ್ತೆಯ ಸೆರಗಿನ ಗಂಟು ಬಿಚ್ಚಿಸಿದಳು, ದಿಂಬಿನ ಚೀಲ ಒಳಗೆ ಹೊರಗೆ ಮಾಡಿದಳು. ನಾದಿನಿ ಹೊರಗಿನಿಂದಲೇ ಯಜಮಾನಿಕೆ ಮಾಡಿದಳು.

"ಅತ್ತಿಗೆ, ಫ್ರಿಜ್ ನೋಡು. ಅಮ್ಮ ಹೋದ ಸಲ ಕನ್ನಡಕ ಅಲ್ಲಿಟ್ಟಿದ್ದಳು."

"ನೋಡಿದೆ."

"ಅಮ್ಮಾ, ಕೀ ಎಲ್ಲಿಟ್ಟೆ?"

"ಯಾವ ಕೀ? ನೀನ್ಯಾಕೆ ಆಚೆ ನಿಂತಿದ್ದೀಯ? ಒಳಗೆ ಬಾ" ಎಂದಳು ಅತ್ತೆ. ಒಳಗೆ ಬರಬೇಕಂತೆ!

ವಾಚ್‌ಮನ್ ಬಂದ. ಸುತ್ತಿಗೆಯಲ್ಲಿ ಬೀಗಕ್ಕೆ ನಾಲ್ಕು ಬಾರಿಸಿದ. ಇಡೀ ಮಹಡಿ ಎದ್ದು ಬಂತು, ಬೀಗ ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. "ನಿಮ್ಮ ಯಜಮಾನರು ಬ್ಯಾಂಕಿಗೆ ಹಾಕೋ ಬೀಗ ತಂದಿದ್ದಾರಲ್ಲಮ್ಮಾ" ಎಂದು ಕೈ ಒರೆಸಿಕೊಂಡ. ಗಂಡನಿಗೆ ಫೋನು ಮಾಡಿದರೆ ಹಿಂದೆ ಹಾರ್ನು ಹೊಡೆಯುವ ಸದ್ದು. "ನಾಳೆ ಬೆಳಿಗ್ಗೆ ಬರ್ತೀನಲ್ಲ, ನನ್ನ ಹತ್ತಿರ ಕೀ ಇದೆ. ಮನೆಗೇನು ಬೆಂಕಿ ಬಿದ್ದಿದೆಯಾ?" ಎಂದ. ಬೆಂಕಿ ಬಿದ್ದಿರಲಿಲ್ಲ, ನಿಜ. ಗಂಟೆ ಮೂರೂವರೆ ಆಗಿತ್ತು ಅಷ್ಟೇ. ಅಂಗಡಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ.

"ವಿಮಾನವಾದರೂ ಕೊಡು ಅತ್ತಿಗೆ" ಎಂದಳು ನಾದಿನಿ. "ನಾನು ಒಯ್ದು ತೋರಿಸ್ತೀನಿ. ಹಿಂಗಿಂಗೆ ಆಯ್ತು ಅಂತ ಹೇಳ್ತೀನಿ. ಆಕೆಯೂ ಹೆಂಗಸೇ ತಾನೇ?"

ಸೊಸೆ ವಿಮಾನವನ್ನು ಗ್ರಿಲ್ಲಿನ ಸಂದಿಗೆ ಹಿಡಿದಳು. ರೆಕ್ಕೆ ಮಡಿಸಿ, ಹೊಟ್ಟೆ ಅದುಮಿ, ಮೆಲ್ಲಗೆ ನೂಕಿದಳು. ಮೂತಿ ಸರಳಿಗೆ ತಾಗಿದಾಗ ಟಿಕ್ ಎಂದಿತು. ಬಳೆ ತಾಗಿತೆಂದುಕೊಂಡಳು. ಆಚೆ ಬಿದ್ದ ವಿಮಾನ ಮತ್ತೆ ಉಬ್ಬಿ ಮೊದಲಿನಂತಾಯಿತು. ಹತ್ತಿ ತುಂಬಿದ್ದಕ್ಕೆ ಆಚೆ ಹೋಗಲು ಬರುತ್ತದೆ, ಎಲುಬಿರುವವಳಿಗೆ ಬರುವುದಿಲ್ಲ. ನಾದಿನಿಯ ಚಪ್ಪಲಿ ಸದ್ದು ಕೆಳಗಿನ ಮಹಡಿಯವರೆಗೂ ಕೇಳಿಸಿ ನಿಂತಿತು. ಸೊಸೆ ಸರಳು ಹಿಡಿದುಕೊಂಡೇ ಕುಸಿದು ಕೂತು ಅತ್ತುಬಿಟ್ಟಳು.

ನಾಲ್ಕೂಕಾಲಿಗೆ ಅಂಗಡಿಯಾಕೆಯ ಫೋನು. "ಕೈ ಚೆನ್ನಾಗಿದೆಯಮ್ಮಾ! ಕಿಟಕಿ ಕೂರಿಸಿರೋದು ನೋಡಿ ಖುಷಿಯಾಯ್ತು. ಆದರೆ ನೀನೇ ಇಲ್ಲವಲ್ಲ? ಇವತ್ತು ಬೀಗ, ನಾಳೆ ಇನ್ನೊಂದು. ನಿನ್ನನ್ನ ನಂಬಿ ನಾನು ಜನಾನ ಹೇಗೆ ಕೂರಿಸಲಿ? ಐದಕ್ಕೆ ಇನ್ನೂ ಹೊತ್ತಿದೆ, ಬರೋ ಹಾಗಿದ್ದರೆ ಬಾ. ಇಲ್ಲ ಅಂದರೆ ಕಲಿಸೋಕೆ ಆ ಇನ್ನೊಬ್ಬಳು ಬರಲಿ. ನೀನು ಮನೆಯಲ್ಲೇ ಕೂತು ಇಂಥ ವಿಮಾನ ಹೆಣೆದು ಕಳಿಸು, ಎಷ್ಟಾದರೂ ತಗೋತೀನಿ. ಇದನ್ನ ಮಾದರಿ ಅಂತ ಇಟ್ಕೋತೀನಿ. ನಿನಗೇನು ನಷ್ಟ?"

ಮನೆಯಲ್ಲೇ ಕೂತು! ಯೋಚಿಸಿ ಹೇಳುತ್ತೇನೆಂದು ಸೊಸೆ ಫೋನು ಇಟ್ಟಳು.

ಅತ್ತೆ ಪಕ್ಕದಲ್ಲಿ ಬಂದು ಕೂತಳು. ಸೊಸೆಯ ಕೆನ್ನೆ ಒರೆಸಿ ಕೇಳಿದಳು, "ಯಾಕೆ ಅಳ್ತೀಯೇ? ವಿಮಾನ ಹೋಯ್ತಲ್ಲ, ನೀನ್ಯಾಕೆ ಹತ್ತಲಿಲ್ಲ?"

"ಹೇಗೆ ಹತ್ತಲಿ ಅತ್ತೆ? ಕೀ ಇಲ್ಲವಲ್ಲ."

"ಕೀ ಇಲ್ಲದೆ ಏನು? ನಾನೇ ಹಾಕಿದ್ದೀನಿ. ಮೂತಿಯಲ್ಲೇ ಇದೆ. ಕೀ ಇಲ್ಲದೆ ಯಾವ ಗಾಡಿ ಓಡುತ್ತೆ? ನಿಮ್ಮ ಮಾವನೂ ಅಷ್ಟೇ, ನಿನ್ನ ಗಂಡನೂ ಅಷ್ಟೇ, ಕೀ ಎಲ್ಲಿ ಕೀ ಎಲ್ಲಿ ಅಂತ ಮನೆಯೆಲ್ಲ ಕುಣಿಯೋರು. ನೀನು ಹೊರಡೋ ಹೊತ್ತಿಗೆ ತೊಂದರೆ ಆಗಬಾರದು ಅಂತ ಮೊದಲೇ ಹಾಕಿಟ್ಟೆ."

ಡ್ರೈವರನ ಹೆಂಡತಿ, ಡ್ರೈವರನ ತಾಯಿ. ಮೊಳೆಯಲ್ಲಿದ್ದ ಕೀಯನ್ನು ತೆಗೆದು, ಹತ್ತಿಯ ಜೊತೆ ಸೌಟಿನ ಹಿಡಿಯಿಂದ ಮೂತಿಯವರೆಗೂ ನೂಕಿ ಭದ್ರವಾಗಿ ಕೂರಿಸಿದ್ದಳು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಇಲ್ಲಿ ಹುಡುಕುವುದಷ್ಟೇ ಅಲ್ಲ, ಕೈಯಾರೆ ಹೊರಗೆ ಕಳಿಸಿಯೂ ಆಗಿತ್ತು! ಸೊಸೆಗೆ ಅತ್ತೆಯ ಕೊರಳು ಹಿಸುಕಬೇಕೆನಿಸಿತು, ಮರುಗಳಿಗೆಯೇ ಆ ಕೊರಳನ್ನು ತಬ್ಬಿಕೊಳ್ಳಬೇಕೆನಿಸಿತು. ಈ ಮನೆಯಲ್ಲಿ ಅವಳು ಹೊರಗೆ ಹೋಗಲೆಂದು ಬಯಸಿದ ಜೀವ ಇದೊಂದೇ, ಅದೇ ಅವಳನ್ನು ಕೂಡಿಹಾಕಿತ್ತು.

ಫೋನು ತೆಗೆದು ಅಂಗಡಿಗೆ ಮಾಡಿದಳು. ನಾದಿನಿ ಅಲ್ಲೇ ಇದ್ದಳು. ವಿಷಯ ಕೇಳಿ ಮೊದಲು ಅಯ್ಯೋ ಎಂದಳು, ಆಮೇಲೆ ತಡೆಯಲಾರದೆ ನಕ್ಕಳು. ಅಂಗಡಿಯಾಕೆ ಫೋನು ಕಸಿದುಕೊಂಡಳು.

"ಮೂತಿಯಲ್ಲಿ ಅಂದರೆ ಕತ್ತರಿ ಹಾಕಬೇಕು. ಹಾಕಿದರೆ ಮಾದರಿ ಹೋಯ್ತು. ಈಗ ಕೀ ತಗೊಂಡು ಹೊರಟರೂ ಇವಳು ಅಲ್ಲಿಗೆ ಬರೋಷ್ಟರಲ್ಲಿ ಐದು ದಾಟುತ್ತೆ, ನಿನಗೆ ಇದರಿಂದ ಕೆಲಸವೂ ಸಿಗಲ್ಲ. ನಾಳೆ ಬೆಳಿಗ್ಗೆ ಗಂಡ ಬರ್ತಾನೆ ಅಂತಲ್ಲ, ಒಂದು ರಾತ್ರಿ ಇರೋಕಾಗಲ್ವಾ? ವಿಮಾನ ಇಲ್ಲಿರಲಿ, ಮನೆಗೇ ಕೆಲಸ ಕಳಿಸ್ತೀನಿ. ಸರಿಯಾಗಿ ಯೋಚನೆ ಮಾಡು."

ಸೊಸೆ ಗ್ರಿಲ್ಲಿನ ಕಡೆ ನೋಡಿದಳು. ನಾಳೆ ಗಂಡ ಬರುತ್ತಾನೆ, ತನ್ನ ಕೀಯಿಂದ ತೆಗೆಯುತ್ತಾನೆ, ಒಳಗೆ ಬಂದು ತಾನೇ ಬೀಗ ಹಾಕುತ್ತಾನೆ. ವಿಮಾನಗಳು ಒಂದೊಂದಾಗಿ ಸಂದಿಯಿಂದ ಆಚೆ ಹೋಗುತ್ತವೆ. ತಾನು ಇಲ್ಲೇ ಮುದುಕಿಯಾಗುತ್ತೇನೆ.

"ಕತ್ತರಿಸಿ ಮೇಡಂ" ಎಂದಳು. "ಒಂದು ರಾತ್ರಿಯೂ ಇರೋಕಾಗಲ್ಲ. ನನಗೆ ಇವತ್ತೇ ಬಾಗಿಲು ತೆಗೀಬೇಕು. ಅವರು ಬಂದು ತೆಗೆಯೋದಲ್ಲ, ನಾನೇ ತೆಗೀಬೇಕು."

ಅತ್ತಲಿಂದ ಕತ್ತರಿಯ ಸದ್ದು ಕೇಳಿಸಿತು.

ನಾದಿನಿ ಬಂದಾಗ ಐದೂವರೆ ಸಮೀಪ. ಒಂದು ಕೈಯಲ್ಲಿ ಕೀ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲ. ಅದರಲ್ಲಿ ಎರಡು ತುಂಡಾದ ವಿಮಾನ, ಹತ್ತಿ, ದಾರದ ಸಿಕ್ಕು. ಕೀಯನ್ನು ಸಂದಿಯಿಂದ ಕೊಟ್ಟು, "ಕೆಲಸ ಆ ಇನ್ನೊಬ್ಬಳಿಗೇ ಕೊಟ್ಟರು ಅತ್ತಿಗೆ" ಎಂದು ತಲೆ ತಗ್ಗಿಸಿದಳು. ಸೊಸೆ ಗೊತ್ತು ಎಂದಳು. ಬೀಗ ತೆಗೆದಳು. ಗ್ರಿಲ್ ಗೋಡೆಗೆ ಬಡಿಯುವವರೆಗೂ ನೂಕಿದಳು. ಹೋಗಲು ಈಗ ಯಾವ ಜಾಗವೂ ಇರಲಿಲ್ಲ. ಆದರೂ ಚಪ್ಪಲಿ ಮೆಟ್ಟಿ, ಅತ್ತೆಗೂ ಮೆಟ್ಟಿಸಿ, ಕೈ ಹಿಡಿದು ಹೊರಗೆ ಬಂದು ಮೇಲಿನ ಮೆಟ್ಟಿಲ ಮೇಲೆ ಕೂತಳು. ನಾದಿನಿ ಒಳಗೆ ಹೋಗಿ ಟೀ ಇಟ್ಟಳು.

ಸೊಸೆ ಕತ್ತರಿಸಿದ ಅಂಚಿನ ಕುಣಿಕೆಗಳನ್ನು ಒಂದೊಂದಾಗಿ ಕಡ್ಡಿಗೆ ಎತ್ತಿಕೊಂಡು ಎರಡು ತುಂಡುಗಳನ್ನು ಸೇರಿಸತೊಡಗಿದಳು. ಅತ್ತೆ ಹತ್ತಿ ಹಿಂಜಿ ತುಂಬಿದಳು. ಮುಕ್ಕಾಲು ಸುತ್ತು ಮುಗಿದಾಗ ಸೊಸೆ ಎದ್ದು ಹೋಗಿ, ಕೊಂಡಿಯಲ್ಲಿ ನೇತಾಡುತ್ತಿದ್ದ ಆ ದಪ್ಪ ಬೀಗವನ್ನು ಬಿಡಿಸಿ ತಂದಳು. ಕೀಯನ್ನು ಮೂತಿಗೆ ನೂಕಿದಳು, ಬೀಗವನ್ನು ಹೊಟ್ಟೆಯಲ್ಲಿಟ್ಟಳು, ಸುತ್ತ ಹತ್ತಿ ಗಿಡಿದಳು. ಅತ್ತೆ ಎಲ್ಲವನ್ನೂ ನೋಡಿ ಮೆಚ್ಚಿ ತಲೆಯಾಡಿಸಿದಳು.

ಫೋನು ಬಂತು. ಗಂಡ.

"ಕೀ ಸಿಕ್ತಾ? ಬೀಗ ಹಾಕಿದ್ದೀಯಾ?"

"ಇಲ್ಲ ರೀ" ಎಂದಳು ಸೊಸೆ. "ಬಾಗಿಲು ತೆಗೆದೇ ಇದೆ. ಅತ್ತೆ ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲೇ ಕೂತಿದ್ದಾರೆ. ಇನ್ನು ಮೇಲೆ ನಾನು ಎಲ್ಲಿಗೆ ಹೋದರೂ ಅವರನ್ನ ಕರ್ಕೊಂಡೇ ಹೋಗ್ತೀನಿ. ಬೀಗ ಹಾಕಲ್ಲ."

"ಏನು ಮಾತು ಇದು? ಅಮ್ಮನಿಗೆ ಫೋನು ಕೊಡು."

ಅತ್ತೆ ಫೋನನ್ನು ಕಿವಿಗೆ ಒತ್ತಿಕೊಂಡು ಎಲ್ಲ ಕೇಳಿಸಿಕೊಂಡಳು. ಆಮೇಲೆ ಹೇಳಿದಳು, "ಲೋ, ಕಿರುಚಬೇಡ. ನಾಳೆ ಬಂದಾಗ ನಾವಿಬ್ಬರೂ ಮನೇಲಿರಲ್ಲ. ಊಟ ನೀನೇ ಬಡಿಸ್ಕೊ."

ಸೊಸೆ ಕೊನೆಯ ಕುಣಿಕೆ ಎಳೆದು ಬಿಗಿ ಮಾಡಿ, ದಾರವನ್ನು ಹಲ್ಲಿನಿಂದ ಕಡಿದಳು.