ಬ್ಯಾರನ್ ಗೋಡೆಯ ಮೇಲಿನ ಬಿಡುಗಡೆ ದಿನಾಂಕ

ಗಾವಡಗೆರೆಯಿಂದ ಹುಣಸೂರಿಗೆ ಹೋಗುವ ರಸ್ತೆಯ ಪಕ್ಕದಲ್ಲೇ ಭದ್ರಮ್ಮನ ಹೊಗೆಸೊಪ್ಪಿನ ಬ್ಯಾರನ್ ಇದೆ. ಹಸಿ ಸೊಪ್ಪನ್ನು ಒಳಗೆ ನೇತುಹಾಕಿ, ಬೆಂಕಿಯ ಶಾಖ ಕೊಟ್ಟು ಹದ ಮಾಡುವ ಎತ್ತರದ ಕಟ್ಟಡ. ರಸ್ತೆಯ ಕಡೆಗೆ ಕಿಟಕಿಯಿಲ್ಲದ ದೊಡ್ಡ ಬೋಳು ಗೋಡೆ. ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಬೆಂಗಳೂರಿನ ಜಾಹೀರಾತು ಕಂಪನಿಯ ನಂಜುಂಡೇಶ್ ಕಾರು ನಿಲ್ಲಿಸಿ ಇಳಿದದ್ದು ಆ ಕಾರಣಕ್ಕೇ. ಖಾಲಿ ಗೋಡೆ ಕಂಡರೆ ಅವನಿಗೆ ಹಸುಗೂಸು ಕಂಡಷ್ಟು ಪ್ರೀತಿ.

"ಏನಪ್ಪ ಮಾರೋದು ನೀನು? ಗೊಬ್ರವಾ, ಸಿಮೆಂಟಾ?" ಎಂದು ಭದ್ರಮ್ಮ ಕೇಳಿದಳು.

"ವಿಡಿಯೋ ಗೇಮ್ ಅಮ್ಮಾ. 'ವ್ಯಾಘ್ರವ್ಯೂಹ' ಅಂತ. ನೂರಾರು ಕೋಟಿ ಸುರಿದಿದ್ದಾರೆ. ಸಂಕ್ರಾಂತಿಗೆ ಪ್ರಪಂಚದಲ್ಲೆಲ್ಲ ಒಂದೇ ದಿನ ರಿಲೀಸು."

"ನಮ್ಮೂರಲ್ಲಿ ಅದ್ನ ಯಾರಾಡ್ತಾರೆ?"

"ಯಾರೂ ಆಡಲ್ಲ. ಅದಕ್ಕೆ ಬೇರೆ ಮಿಷನ್ನೇ ಬೇಕು. ಆದ್ರೆ ಹಳ್ಳಿ ಗೋಡೆ ಮೇಲೂ ನಮ್ಮ ಗೇಮ್ ಇದೆ ಅಂತ ಬೆಂಗಳೂರಿನೋರು ಫೋನಲ್ಲಿ ನೋಡ್ಬೇಕು, ಅಷ್ಟೆ."

ಆ ಇಡೀ ವ್ಯವಹಾರದಲ್ಲಿ ನಂಜುಂಡೇಶ್ ಆಡಿದ ಏಕೈಕ ಸತ್ಯ ಅದು. ಅದು ಭದ್ರಮ್ಮನಿಗೆ ಹಿಡಿಸಿತು. ಬಣ್ಣ ಬಳಿಯುವವನು ತನ್ನ ಅಕ್ಕನ ಮಗ ಉಮಾಶಂಕರನೇ ಆಗಬೇಕು ಎಂದು ಹೇಳಿ ಒಪ್ಪಿದಳು. ಫ್ಲೆಕ್ಸ್ ಬಂದ ಮೇಲೆ ಉಮಾಶಂಕರನ ಕುಂಚಗಳಿಗೆ ಪಂಚಾಯಿತಿಯ ನೀರಿನ ಟ್ಯಾಂಕು ಬಿಟ್ಟರೆ ಬೇರೆ ಗತಿಯಿರಲಿಲ್ಲ. ಅವನು ಏಣಿ ಹಾಕಿ, ಒಂದು ವಾರ ಊಟ ನಿದ್ದೆ ಮರೆತು ಬರೆದ. ಖಡ್ಗ ಹಿಡಿದ ವೀರ, ಹಿಂದೆ ಹುಲಿ, ಕೆಳಗೆ ಕೆಂಪಕ್ಷರದಲ್ಲಿ ಸಂಕ್ರಾಂತಿಯ ತಾರೀಖು.

ನಂಜುಂಡೇಶ್ ಫೋಟೋ ಹಿಡಿದು ಅಂತರ್ಜಾಲಕ್ಕೆ ಬಿಟ್ಟ. ಗ್ರಾಮೀಣ ಭಾರತ ಈ ಆಟಕ್ಕಾಗಿ ನಿದ್ದೆಗೆಟ್ಟು ಕಾಯುತ್ತಿದೆ ಎಂದು ಲಕ್ಷಾಂತರ ಜನ ಓದಿದರು. ಗ್ರಾಮೀಣ ಭಾರತವು ಆಗ ಹಸುವಿಗೆ ಹುಲ್ಲು ಹಾಕುತ್ತಿತ್ತು.

ಸಂಕ್ರಾಂತಿಗೆ ಮುಂಚೆ ಫೋನು ಬಂತು. ಆಟ ಇನ್ನಷ್ಟು ಪರಿಪೂರ್ಣವಾಗಲಿ ಎಂಬ ಸದುದ್ದೇಶದಿಂದ ಯುಗಾದಿಗೆ ಮುಂದೂಡಲಾಗಿದೆ. ಉಮಾಶಂಕರ ಏಣಿ ಹತ್ತಿ ತಾರೀಖು ಹೊಡೆದುಹಾಕಿ, ಪಕ್ಕದಲ್ಲಿ ಹೊಸದು ಬರೆದ. ಯುಗಾದಿಗೆ ಬೇವು ಬೆಲ್ಲ ಬಂತು, ಆಟ ಬರಲಿಲ್ಲ. ಗೌರಿ ಹಬ್ಬ ಎಂದು ಬರೆಯಲು ಅವನು ಮತ್ತೆ ಏಣಿ ಹತ್ತಿದ.

"ಚಿಕ್ಕವ್ವ, ಇವ್ರು ಇಂಗೇ ಮುಂದಕ್ಕಾಕ್ತಾ ಇದ್ರೆ ನನ್ ಸಂಸಾರ ನಡೀತದೆ ಬುಡು," ಎಂದ ಮೇಲಿನಿಂದಲೇ.

ಈ ನಡುವೆ ನಂಜುಂಡೇಶ್ ಸಂತೋಷದ ಸುದ್ದಿ ತಂದ. ಮುಂಗಡ ಬುಕಿಂಗ್‌ನಲ್ಲೇ ಹತ್ತು ಲಕ್ಷ ಜನ ಹಣ ಕಟ್ಟಿದ್ದರು.

ಭದ್ರಮ್ಮ ಬ್ಯಾರನ್ನಿನೊಳಗೆ ನೇತುಹಾಕಲು ಕಡ್ಡಿಗೆ ಸೊಪ್ಪು ಕಟ್ಟುವುದನ್ನು ನಿಲ್ಲಿಸಿ ಅವನನ್ನು ನೋಡಿದಳು. "ನಾವು ಬೆಳ್ದು, ಬೇಯ್ಸಿ, ಹರಾಜಿನ್ ಮಾರ್ಕೆಟ್ಟಿಗೆ ಹೊತ್ಕೊಂಡೋಗಿ ಮಡುಗಿದ್ರೂ ಮೂಸ್ನೋಡಿ ಬ್ಯಾಡ ಅಂತಾರೆ. ನೀವು ನಾಟಿ ಮಾಡೋಕ್ ಮುಂಚೆನೇ ಮಾರ್ಬುಟ್ರಾ? ಕೊಂಡೋರಿಗೆ ತಲೆ ಸರೀಗದಾ?"

"ಅವ್ರು ಅಭಿಮಾನಿಗಳು ಅಮ್ಮಾ," ಎಂದ ನಂಜುಂಡೇಶ್. ಅದು ಉತ್ತರ ಎಂದೇ ಅವನು ನಂಬಿದ್ದ.

ಗೌರಿ ಹಬ್ಬದ ದಿನ ಹುಣಸೂರಿನ ಒಂದು ಛತ್ರದಲ್ಲಿ ಬಿಡುಗಡೆ ಸಮಾರಂಭ. ಭದ್ರಮ್ಮನೇ ಮುಖ್ಯ ಅತಿಥಿ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ದೊಡ್ಡ ಪರದೆಯ ಎದುರು ಕೂರಿಸಿದರು. ಪಕ್ಕದಲ್ಲಿ ಉಮಾಶಂಕರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತನ್ನ ವೀರ ನಡೆದಾಡುವುದನ್ನು ನೋಡಲು ಕಾತರನಾಗಿ ಕುಳಿತಿದ್ದ. ಬೆಂಗಳೂರಿನಿಂದ ಬಂದಿದ್ದ ಯೂಟ್ಯೂಬಿನವರು ಆಟ ಶುರುವಾಗುವ ಮೊದಲೇ ಅದ್ಭುತ ಎಂದು ಹೇಳಿ ಮುಗಿಸಿದ್ದರು.

ಪರದೆಯ ಮೇಲೆ ಒಂದು ಗೆರೆ ಕಾಣಿಸಿತು. ಅದು ಎಡದಿಂದ ಬಲಕ್ಕೆ ತುಂಬಬೇಕು.

"ಏನದು?"

"ಡೇ ಒನ್ ಪ್ಯಾಚ್ ಅಮ್ಮಾ. ಮೊದಲ ದಿನದ ರಿಪೇರಿ. ಇಳೀತಾ ಇದೆ."

"ಪ್ಯಾಚು ಅಂದ್ರೆ ತೇಪೆ ತಾನೆ? ಮದುವೆ ಸೀರೆಗೆ ಮದುವೆ ದಿನವೇ ತೇಪೆ ಹಾಕ್ತಿದ್ದೀರ," ಎಂದಳು ಭದ್ರಮ್ಮ. ಬೈಗುಳವಾಗಿ ಹೇಳಲಿಲ್ಲ, ಹೊಲಿಯಬಲ್ಲವಳು ಮಾತಾಡುವಂತೆ ಹೇಳಿದಳು.

ಊಟದ ಹೊತ್ತಿಗೆ ಗೆರೆ ತುಂಬಿತು. ವೀರ ಬಂದ. ಸೊಂಟದವರೆಗೆ ನೆಲದಲ್ಲಿ ಹೂತಿದ್ದ. ಅವನ ಕುದುರೆ ಆಕಾಶದಲ್ಲಿ ಮೇಯುತ್ತಿತ್ತು. ಹುಲಿ ಒಂದು ಮರದೊಳಗೆ ಅರ್ಧ ಸಿಕ್ಕಿಕೊಂಡು ಬಾಲ ಆಡಿಸುತ್ತಿತ್ತು. ವೀರ ತಿರುಗಿ ನೋಡಿದಾಗ ಮುಖವಿರಬೇಕಾದ ಜಾಗದಲ್ಲಿ ಎರಡು ಕಣ್ಣು ಮತ್ತು ಹಲ್ಲು ಮಾತ್ರ ಇದ್ದವು. ಉಮಾಶಂಕರ ಹಣ್ಣಿನ ಬುಟ್ಟಿಯತ್ತ ಮುಖ ತಿರುಗಿಸಿಕೊಂಡ.

ಆಮೇಲಿನದು ಬೇಗ ನಡೆಯಿತು. ಕೊಂಡವರು ಹಣ ವಾಪಸ್ಸು ಕೇಳಿದರು. ಕಂಪನಿಯ ದೊಡ್ಡ ಸಾಹೇಬರು, ತಮ್ಮದು ಒಂದು ಕುಟುಂಬ ಎಂದು ಕಣ್ಣು ಒದ್ದೆ ಮಾಡಿಕೊಂಡು ಕ್ಷಮೆ ಕೇಳಿದರು. ಮಾರನೆಯ ದಿನ ಕುಟುಂಬದ ಅರ್ಧ ಜನರನ್ನು ಕೆಲಸದಿಂದ ತೆಗೆದರು. ಸಾಹೇಬರಿಗೆ ಬಡ್ತಿ ಸಿಕ್ಕಿತು. ಇತ್ತ ಯಾರೋ ದಾರಿಹೋಕರು ಭದ್ರಮ್ಮನ ಗೋಡೆಯ ಫೋಟೋ ತೆಗೆದು, ಹೊಡೆದುಹಾಕಿದ ತಾರೀಖುಗಳ ಸಮೇತ ಹಾಕಿದರು. ಈ ಸಲವೂ ಲಕ್ಷಾಂತರ ಜನ ನೋಡಿದರು, ನಕ್ಕರು.

ಕೂಡಲೇ ಗೋಡೆಗೆ ಸುಣ್ಣ ಬಳಿಯಿರಿ ಎಂದು ನಂಜುಂಡೇಶನಿಗೆ ಆಜ್ಞೆಯಾಯಿತು. ಅವನು ಬಕೆಟ್ಟು ಹಿಡಿದು ಒಬ್ಬನೇ ಬಂದ. ಉಮಾಶಂಕರ ಬರುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ್ದ.

"ಬ್ಯಾರನ್ನಿಗೆ ಬೆಂಕಿ ಹಾಕಿವ್ನಿ, ಗೋಡೆ ಕಾದದೆ," ಎಂದಳು ಭದ್ರಮ್ಮ. "ಸುಣ್ಣ ಬಳುದ್ರೆ ಉದುರೋಯ್ತದೆ. ಸೊಪ್ಪು ಇಳಿಯೋಗಂಟ ಕಾಯ್ಬೇಕು."

"ಇವತ್ತೇ ಆಗ್ಬೇಕು ಅಮ್ಮಾ."

"ಸೊಪ್ಪಿಗೆ ಅದೆಲ್ಲ ಗೊತ್ತಾಗಕಿಲ್ಲ ಕಣಪ್ಪ. ಕುಂತ್ಕೊ."

ಅವನು ಚಪ್ಪರದ ನೆರಳಲ್ಲಿ ಕುಳಿತ. ಜೇಬಿನಲ್ಲಿ ಫೋನು ಗುಂಯ್ಗುಟ್ಟಿತು. ಓದಿ, ಬಕೆಟ್ಟನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಅವನ ಬಾಯಿಂದ ಬೆಂಗಳೂರು ಇಳಿದುಹೋಗಿ ಹುಟ್ಟೂರು ಮಿರ್ಲೆ ಹೊರಬಂತು.

"ನನ್ನೂ ತಗುದ್ರು ಕಣವ್ವ. ಸುಣ್ಣ ಬಳುದ್ಬುಟ್ಟು ಬಕೀಟು ವಾಪಸ್ ಕೊಡು ಅಂತವ್ರೆ."

ಭದ್ರಮ್ಮ ಎದ್ದು ಒಳಗೆ ಹೋದಳು. ಒಂದು ತಟ್ಟೆ ಮುದ್ದೆ, ಉಪ್ಪುಸಾರು ತಂದಿಟ್ಟಳು. ಉಂಡಾದ ಮೇಲೆ ಒಂದು ಕಡ್ಡಿ, ದಾರ, ಹಸಿ ಸೊಪ್ಪಿನ ರಾಶಿಯನ್ನು ಅವನತ್ತ ತಳ್ಳಿದಳು. ಕೈ ಸುಮ್ಮನಿದ್ದರೆ ತಲೆ ಕೆಡುತ್ತದೆ ಎಂಬುದು ಅವಳ ಲೆಕ್ಕ. ಮಿರ್ಲೆ ಭತ್ತದ ಊರು, ಅವನಿಗೆ ಹೊಗೆಸೊಪ್ಪು ಮುಟ್ಟಿ ಗೊತ್ತಿರಲಿಲ್ಲ. ಅಂಟು ಹತ್ತಿ ಬೆರಳುಗಳು ಕಪ್ಪಾದವು. ಅರ್ಧ ಕಡ್ಡಿ ಕಟ್ಟುವಷ್ಟರಲ್ಲಿ ಬೆವತ. ಆದರೂ ಮುಖ ಕೊಂಚ ಹಗುರವಾಗಿತ್ತು.

ಆಗ ಮತ್ತೆ ಫೋನು ಬಂತು. ಬೇರೊಂದು ಕಂಪನಿ, ಬೇರೊಂದು ಭಾರಿ ಆಟ. ಈ ಸಲ ರೈತರ ಬದುಕಿನ ಮೇಲಂತೆ. ಮಾರ್ಕೆಟಿಂಗ್‌ಗೆ ಹಳ್ಳಿ ಬಲ್ಲವರು ಬೇಕಾಗಿದ್ದಾರಂತೆ.

ನಂಜುಂಡೇಶ್ ಎದ್ದು ನಿಂತ. ಬೆನ್ನು ನೆಟ್ಟಗಾಯಿತು, ಬಾಯಿಗೆ ಬೆಂಗಳೂರು ಮರಳಿತು.

"ಖಂಡಿತ ಸರ್," ಎಂದ, ಕಪ್ಪು ಕೈಯಲ್ಲಿ ಫೋನು ಹಿಡಿದು ರಸ್ತೆಯತ್ತ ನಡೆಯುತ್ತ. "ಕೃಷಿಯಲ್ಲಿ ನನಗೆ ಆಳವಾದ ಅನುಭವ ಇದೆ. ಇವತ್ತೂ ಅದನ್ನೇ ಮಾಡ್ತಾ ಇದ್ದೆ."

ಭದ್ರಮ್ಮ ಅವನು ಕಟ್ಟಿದ ಕಡ್ಡಿಯನ್ನು ಎತ್ತಿಕೊಂಡಳು. ಸೊಪ್ಪು ಒಂದೊಂದಾಗಿ ಜಾರಿ ಮಡಿಲಿಗೆ ಬಿತ್ತು. ದಾರ ಬಿಚ್ಚಿ ಮೊದಲಿನಿಂದ ಕಟ್ಟತೊಡಗಿದಳು.