ಆಯಿಲ್ ಬದಲಿಸಿದ ದಿನ

"ಬಸುರಿಗೆ ಎಷ್ಟು ವಾರ ಆಗಿದೆ?" ಆಪರೇಷನ್ ಕೋಣೆಯ ಬಾಗಿಲಲ್ಲಿ ನಿಂತು ಡಾಕ್ಟರಮ್ಮ ಮೂರನೇ ಸಲ ಕೇಳಿದಾಗ ಲಾರಿ ಡ್ರೈವರ್ ಬೆರಳು ಎಣಿಸುತ್ತಾ ನಿಂತಿದ್ದ. ಹೆಂಡತಿ ಒಳಗೆ ಪ್ರಜ್ಞೆ ತಪ್ಪಿ ಮಲಗಿದ್ದಳು. ತಪಾಸಣೆಯ ಚೀಟಿಗಳನ್ನು ಎಲ್ಲಿಟ್ಟಿದ್ದಾಳೋ, ಅವಳಿಗೇ ಗೊತ್ತು.

"ಹೊಟ್ಟೆ ಚೆನ್ನಾಗೇ ಕಾಣ್ತಿತ್ತು, ಮೇಡಂ."

"ಹೊಟ್ಟೆ ನನಗೂ ಕಾಣುತ್ತಪ್ಪಾ! ಸ್ಕ್ಯಾನ್ ಈಗ ಹೇಳೋದು ಬರೀ ಅಂದಾಜು. ಕೂಸನ್ನ ಇವತ್ತೇ ತೆಗೆದ್ರೆ ಉಸಿರಾಡುತ್ತೋ ಇಲ್ಲವೋ ಅನ್ನೋಕೆ ವಾರ ಗೊತ್ತಿರಬೇಕು."

ಥಟ್ಟನೆ ಅವನಿಗೆ ಹೊಳೆಯಿತು. ಲಾರಿಯ ಎಂಜಿನ್ ಆಯಿಲ್ ಬದಲಿಸುತ್ತಿದ್ದಾಗಲೇ ಅವಳು ಫೋನ್ ಮಾಡಿ ಬಸುರಾದ ವಿಷಯ ಹೇಳಿದ್ದಳು. ಆಯಿಲ್ ಬದಲಿಸಿದ ದಿನವನ್ನು ಬರೆದಿಡದೆ ಬಿಡುವ ಆಸಾಮಿಯೇ ಅಲ್ಲ ಇವನು. ಎದ್ದೆನೋ ಬಿದ್ದೆನೋ ಅಂತ ಓಡಿ, ಲಾರಿ ಸೀಟಿನ ಕೆಳಗಿದ್ದ ಲೆಕ್ಕದ ಪುಸ್ತಕ ತಂದು, ಜಿಡ್ಡು ಮೆತ್ತಿದ ಹಾಳೆ ತೆರೆದು ತೋರಿಸಿದ. ತಾರೀಖಿತ್ತು, ಗಂಟೆಯಿತ್ತು, ಓಡಿದ ಕಿಲೋಮೀಟರೂ ಇತ್ತು.

ಡಾಕ್ಟರಮ್ಮನ ದನಿ ಮೆತ್ತಗಾಯಿತು. "ಸರಿ. ಆವತ್ತಿಗೆ ಎಷ್ಟು ತಿಂಗಳು ಅಂತ ನಿಮ್ಮ ಹೆಂಡತಿ ಹೇಳಿದ್ರು?"

ಅವನು ಹಾಳೆ ತಿರುವಿದ, ಮತ್ತೆ ತಿರುವಿದ. ಆವತ್ತು ಅವನು ಅವಳನ್ನು ಕೇಳಿದ್ದು ಒಂದೇ ಮಾತು: "ಮೆಕ್ಯಾನಿಕ್ ಕಾಯ್ತಿದ್ದಾನೆ ಕಣೇ, ಆಮೇಲೆ ಫೋನ್ ಮಾಡಲಾ?"